ದೇವಾಲಯದ ಮುಖಮಂಟಪದಲ್ಲಿ ಒಂದು ಪುಸ್ತಕದಂಗಡಿ

ಮಂದಿರಕ್ಕೂ ಮಾರುಕಟ್ಟೆಗೂ ನಡುವೆ ಒಂದು ಗೆರೆಯಿರಬೇಕೆಂಬುದು ಎಲ್ಲ ಧರ್ಮಗಳವರೂ ಒಪ್ಪುವ ಮಾತು. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬಲ್ಲಿ ಮಾತ್ರ ಅಭಿಪ್ರಾಯಗಳು ಬೇರೆಬೇರೆ. ನಮ್ಮ ರಥಬೀದಿಗಳಲ್ಲಿ ಹೂವು, ಹಣ್ಣು, ಕರ್ಪೂರಗಳ ಅಂಗಡಿಗಳು ಗೋಪುರದ ನೆರಳಿನವರೆಗೂ ಬಂದು ನಿಂತಿರುತ್ತವೆ. ದರ್ಗಾದ ಬಾಗಿಲಿನಲ್ಲಿ ಊದುಬತ್ತಿ, ಸಕ್ಕರೆಗಳು ಮಾರಾಟಕ್ಕಿರುತ್ತವೆ. ಇಗರ್ಜಿಯ ಹಬ್ಬದಲ್ಲಿ ಮೇಣದ ಬತ್ತಿಯವನಿಗೆ ಬಿಡುವಿರುವುದಿಲ್ಲ. ಇದನ್ನು ಕಂಡು ಯಾರಿಗೂ ಆಶ್ಚರ್ಯವಿಲ್ಲ, ಆಕ್ಷೇಪವೂ ಇಲ್ಲ. ಆದರೆ ದೇವರ ಮನೆಯ ಜಗಲಿಯಲ್ಲಿ ಪುಸ್ತಕಗಳ ಎರಡು ಕಪಾಟುಗಳನ್ನಿಟ್ಟು ಬೆಲೆ ಹಾಕಿ ಮಾರುತ್ತೇವೆಂದರೆ, ಇದ್ದಕ್ಕಿದ್ದಂತೆ ಎಲ್ಲರಿಗೂ ಧರ್ಮಸೂಕ್ಷ್ಮದ ನೆನಪಾಗುತ್ತದೆ! ಪುಸ್ತಕವೆಂಬುದು ಸುಟ್ಟು ಬೂದಿಯಾಗಿ ಹೋಗುವ ಕರ್ಪೂರವಲ್ಲ. ಮನೆಗೆ ಹೋದ ಮೇಲೂ ಮಾತನಾಡುವ ವಸ್ತು ಅದು. ಜನರ ಅಂಜಿಕೆಗೆ ಬಹುಶಃ ಅದೇ ಕಾರಣ.

ಕರಾವಳಿಯ ಒಂದು ಪಟ್ಟಣದಲ್ಲಿ, ಬಾಸೆಲ್ ಮಿಶನ್ನಿನ ಕಾಲದಿಂದ ನಡೆದು ಬಂದು ಈಗ ದಕ್ಷಿಣ ಭಾರತ ಸಭೆಗೆ ಸೇರಿರುವ ಹಳೆಯ ದೇವಾಲಯವೊಂದಿದೆ. ಎರಡು ವರ್ಷಗಳ ಹಿಂದೆ ಅಲ್ಲಿಯ ಸಭಾಪಾಲಕರು ನಮ್ಮ ಕಾಲೇಜಿಗೆ ಬಂದು, ತಮ್ಮ ದೇವಾಲಯದ ಮುಖಮಂಟಪದಲ್ಲಿ ಒಂದು ಸಣ್ಣ ಪುಸ್ತಕದಂಗಡಿಯನ್ನು ತೆರೆಯುವ ಯೋಚನೆಯಿದೆಯೆಂದೂ, ಕನ್ನಡ ಪುಸ್ತಕಗಳನ್ನು ಆಯ್ದುಕೊಡಬೇಕೆಂದೂ ಕೇಳಿದರು. "ನಾನು ನಿಮ್ಮ ಸಭೆಯವನಲ್ಲವಲ್ಲ, ಅಯ್ಯನವರೆ" ಎಂದೆ. "ಅದಕ್ಕೇ ಬಂದೆ, ಮೇಷ್ಟ್ರೆ. ನಮಗೆ ಬೇಕಾದದ್ದು ನಮಗೆ ಗೊತ್ತಿದೆ. ಕನ್ನಡಕ್ಕೆ ಬೇಕಾದದ್ದು ನಿಮಗೆ ಗೊತ್ತಿರಬೇಕಲ್ಲ?" ಎಂದರು ಅವರು. ಕನ್ನಡ ಅಧ್ಯಾಪಕನಾದವನು ಇಂಥ ಮಾತಿಗೆ ಇಲ್ಲವೆನ್ನುವುದು ಕಷ್ಟ.

ಸಭಾಸಮಿತಿಯ ಮುಂದೆ ವಿಷಯ ಬಂದ ದಿನ ನನಗೂ ಕರೆಯಿತ್ತು. ಸಮಿತಿಯ ಹಿರಿಯರೊಬ್ಬರು, ನಿವೃತ್ತ ಉಪಾಧ್ಯಾಯರು, ಎದ್ದು ನಿಂತು ತಮ್ಮ ವಿರೋಧವನ್ನು ತಿಳಿಸಿದರು. ಯೇಸುಸ್ವಾಮಿ ಯೆರೂಸಲೇಮಿನ ದೇವಾಲಯದಲ್ಲಿ ಪಾರಿವಾಳ ಮಾರುವವರನ್ನೂ ನಾಣ್ಯ ಬದಲಾಯಿಸುವವರನ್ನೂ ಹೊರಗಟ್ಟಿದ ಪ್ರಸಂಗ ಸುವಾರ್ತೆಗಳನ್ನು ಓದಿದವರಿಗೆಲ್ಲ ಗೊತ್ತು. ಹೀಗಿರಲಾಗಿ ಅದೇ ಸ್ವಾಮಿಯ ಹೆಸರಿನ ಮನೆಯಲ್ಲಿ ನಾವು ಹಣದ ಪೆಟ್ಟಿಗೆಯಿಟ್ಟು ಕೂಡುವುದು ಸರಿಯೆ ಎಂಬುದು ಅವರ ಪ್ರಶ್ನೆ. ಮಾತಿನಲ್ಲಿ ಕೋಪವಿರಲಿಲ್ಲ, ನೋವಿತ್ತು. ಪ್ರಶ್ನೆ ಹಗುರವಾದುದಲ್ಲವೆಂದು ಹೊರಗಿನವನಾದ ನನಗೂ ತೋರಿತು.

ಕೆಲವರು ಸುಲಭದ ಉತ್ತರ ಕೊಟ್ಟರು. ವರ್ಷಕ್ಕೊಮ್ಮೆ ಬೆಳೆಹಬ್ಬದ ದಿನ ಇದೇ ಅಂಗಳದಲ್ಲಿ ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿಗಳನ್ನು ಏಲಂ ಹಾಕುವುದಿಲ್ಲವೆ, ಅಲ್ಲಿ ಸಲ್ಲುವ ವ್ಯಾಪಾರ ಇಲ್ಲೇಕೆ ಸಲ್ಲದು ಎಂದರು. ಸಭೆ ನಕ್ಕಿತು, ಹಿರಿಯರು ನಗಲಿಲ್ಲ. "ಅದು ಕಾಣಿಕೆ, ಇದು ಅಂಗಡಿ" ಎಂದು ಅವರು ಎರಡೇ ಮಾತಿನಲ್ಲಿ ತೀರಿಸಿದರು.

ಸಭಾಪಾಲಕರ ಉತ್ತರ ಬೇರೆಯ ದಾರಿ ಹಿಡಿಯಿತು. ಆ ದೇವಾಲಯದಲ್ಲಿ ವ್ಯಾಪಾರ ನಡೆಯುತ್ತಿದ್ದುದು ಹೊರಗಿನ ಪ್ರಾಕಾರದಲ್ಲಿ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಯೆಹೂದ್ಯರಲ್ಲದ ಅನ್ಯಜನರಿಗೆ ಪ್ರವೇಶವಿದ್ದದ್ದು ಆ ಪ್ರಾಕಾರದವರೆಗೆ ಮಾತ್ರ. ಅವರು ಬಂದು ನಿಲ್ಲುವ, ಪ್ರಾರ್ಥಿಸುವ ಒಂದೇ ಎಡೆಯನ್ನು ಕೊಟ್ಟಿಗೆಯೂ ಕಟಕಟೆಯೂ ಆಕ್ರಮಿಸಿಕೊಂಡಿದ್ದವು. "ಅಲ್ಲಿ ವ್ಯಾಪಾರ ಹೊರಗಿನವರ ಜಾಗವನ್ನು ಕಿತ್ತುಕೊಂಡಿತ್ತು. ನಮ್ಮ ಅಂಗಡಿ ಹೊರಗಿನವರಿಗೆ ಜಾಗ ಮಾಡಿಕೊಟ್ಟರೆ ನಿಲ್ಲಲಿ, ಮಾಡಿಕೊಡದಿದ್ದರೆ ನೀವು ಹೇಳಿದಂತೆ ನಾನೇ ಮೇಜನ್ನು ಹೊರಗಿಡುತ್ತೇನೆ" ಎಂದರು. ಒಂದು ವರ್ಷದ ಪರೀಕ್ಷೆಗೆ ಅನುಮತಿ ದೊರೆಯಿತು. ಆ ಹಿರಿಯರು ವಿರುದ್ಧವಾಗಿಯೇ ಮತ ಕೊಟ್ಟರು.

ಈ ಚರ್ಚೆಯ ತರುವಾಯ ನಾನು ಪುಸ್ತಕಕ್ಕೂ ಕ್ರೈಸ್ತ ದೇವಾಲಯಕ್ಕೂ ಇರುವ ನಂಟಿನ ಹಿಂದುಮುಂದನ್ನು ಓದತೊಡಗಿದೆ. ಇಂಗ್ಲೆಂಡಿನಲ್ಲಿ 1538ರಲ್ಲಿ, ಪ್ರತಿಯೊಂದು ಊರಿನ ದೇವಾಲಯವೂ ಇಂಗ್ಲಿಷ್ ಬೈಬಲಿನ ದೊಡ್ಡ ಪ್ರತಿಯೊಂದನ್ನು ಜನರ ಕೈಗೆ ಸಿಕ್ಕುವ ಕಡೆ ಇಡತಕ್ಕದ್ದೆಂದು ಅರಸನ ಹೆಸರಿನಲ್ಲಿ ಆಜ್ಞೆಯಾಯಿತು. ಜನರ ಭಾಷೆಯ ಪುಸ್ತಕವೊಂದು ಹೀಗೆ ಪೂಜಾಸ್ಥಾನದೊಳಗೆ ಅಧಿಕಾರದಿಂದ ಪ್ರವೇಶಿಸಿತು. ಪುಸ್ತಕ ದುಬಾರಿಯಾಗಿದ್ದ ಕಾಲ. ಆದಕಾರಣ ಅದನ್ನು ಸರಪಳಿಯಿಂದ ಬಿಗಿದಿಡುತ್ತಿದ್ದುದೂ ಉಂಟು. ಹಿಯರ್‌ಫರ್ಡ್ ಪಟ್ಟಣದ ಪ್ರಧಾನ ದೇವಾಲಯದಲ್ಲಿ ಅಂಥ ಸರಪಳಿಯ ಪುಸ್ತಕ ಭಂಡಾರವನ್ನು ಇಂದಿಗೂ ಕಾಣಬಹುದು. ಓದುವವನು ಪುಸ್ತಕದ ಬಳಿಗೆ ಬರಬೇಕೇ ಹೊರತು ಪುಸ್ತಕ ಅವನ ಮನೆಗೆ ಹೋಗುವಂತಿಲ್ಲ.

ಸರಪಳಿ ಕಳಚಿದ್ದು ವ್ಯಾಪಾರದಿಂದ. ಲಂಡನ್ನಿನ ಸಂತ ಪೌಲರ ದೇವಾಲಯದ ಸುತ್ತಣ ಅಂಗಳವು 16 ಮತ್ತು 17ನೆಯ ಶತಮಾನಗಳಲ್ಲಿ ಆ ದೇಶದ ಪುಸ್ತಕೋದ್ಯಮದ ಹೃದಯವಾಗಿತ್ತು. ಷೇಕ್ಸ್‌ಪಿಯರನ ಮೊದಲ ಮುದ್ರಿತ ಕಾವ್ಯ 1593ರಲ್ಲಿ ಮಾರಾಟಕ್ಕೆ ಬಂದುದು ಆ ಅಂಗಳದ ಒಂದು ಅಂಗಡಿಯಲ್ಲಿ. 1666ರ ಮಹಾ ಅಗ್ನಿಯಲ್ಲಿ, ಕಲ್ಲಿನ ಕಟ್ಟಡಕ್ಕೆ ಬೆಂಕಿ ತಗಲದೆಂದು ನಂಬಿ ಪುಸ್ತಕ ವ್ಯಾಪಾರಿಗಳು ತಮ್ಮ ಸರಕನ್ನೆಲ್ಲ ದೇವಾಲಯದ ಕೆಳಗಿನ ನೆಲಮಾಳಿಗೆಯಲ್ಲಿ ತುಂಬಿಟ್ಟರು. ಮೇಲಿನ ಚಾವಣಿ ಕುಸಿಯಿತು. ಬೆಂಕಿ ನೆಲಮಾಳಿಗೆಯನ್ನೂ ಹೊಕ್ಕು ಪುಸ್ತಕಗಳು ದಿನಗಟ್ಟಲೆ ಉರಿದುವು. ಸಂಕಟದ ವೇಳೆಯಲ್ಲಿ ಪುಸ್ತಕದವನಿಗೆ ದೇವಾಲಯವಲ್ಲದೆ ಬೇರೆ ಆಶ್ರಯ ಹೊಳೆಯಲಿಲ್ಲವೆಂಬುದನ್ನು ಗಮನಿಸಬೇಕು.

ಪುಸ್ತಕದಂಗಡಿಯಿಲ್ಲದ ಊರಿನ ದುಃಖವೆಂಥದೆಂಬುದಕ್ಕೆ ವೇಲ್ಸ್ ದೇಶದ ಮೇರಿ ಜೋನ್ಸ್ ಎಂಬ ಬಡ ಹುಡುಗಿಯ ಕಥೆಯುಂಟು. ವರ್ಷಗಳ ಕಾಲ ಕಾಸು ಕೂಡಿಟ್ಟು, 1800ರಲ್ಲಿ ಬರಿಗಾಲಿನಲ್ಲಿ ಇಪ್ಪತ್ತೈದು ಮೈಲಿಗಳಷ್ಟು ಬೆಟ್ಟದ ದಾರಿ ನಡೆದು, ತನ್ನ ಭಾಷೆಯ ಬೈಬಲೊಂದನ್ನು ಆಕೆ ಕೊಂಡು ತಂದಳೆಂದು ಹೇಳುತ್ತಾರೆ. ಇಂಥ ಅಭಾವದ ಅರಿವಿನಿಂದಲೇ 1804ರಲ್ಲಿ ಲಂಡನ್ನಿನಲ್ಲಿ ಬೈಬಲ್ ಸೊಸೈಟಿ ಹುಟ್ಟಿತು. ಇದಕ್ಕೆ ತೀರ ಎದುರಾದ ಚಿತ್ರ ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ಪಟ್ಟಣದ್ದು. 1294ರಲ್ಲಿ ಪ್ರತಿಷ್ಠೆಯಾದ ಅಲ್ಲಿಯ ಡೊಮಿನಿಕನ್ ದೇವಾಲಯವು 1794ರಲ್ಲಿ ಫ್ರೆಂಚ್ ಸೈನ್ಯದ ಕೈಗೆ ಹೋಗಿ ಪೂಜೆಯನ್ನು ಕಳೆದುಕೊಂಡಿತು. ಮುಂದೆ ಉಗ್ರಾಣವಾಯಿತು, ಸೈಕಲ್ ನಿಲ್ಲಿಸುವ ಶಾಲೆಯೂ ಆಯಿತು. 2006ರಲ್ಲಿ ಅದರೊಳಗೆ, ಹಳೆಯ ಗೋಡೆಗಳಿಗೆ ಧಕ್ಕೆಯಾಗದಂತೆ ಉಕ್ಕಿನ ಎತ್ತರದ ಕಪಾಟನ್ನು ನಿಲ್ಲಿಸಿ ಪುಸ್ತಕದಂಗಡಿ ತೆರೆದರು. 2014ರಲ್ಲಿ ಅದರ ಒಡೆತನದ ಕಂಪೆನಿ ದಿವಾಳಿಯೆದ್ದಾಗ ಅಂಗಡಿಯ ನೌಕರರು ಊರವರಿಂದ ಹಣ ಕೂಡಿಸಿ ಅದನ್ನು ಉಳಿಸಿಕೊಂಡರು. ಅಲ್ಲಿ ದೇವರು ತೆರವು ಮಾಡಿದ ಮನೆಗೆ ಪುಸ್ತಕ ಬಂದಿತು. ನಮ್ಮಲ್ಲಿ ಆರಾಧನೆ ನಡೆಯುತ್ತಿರುವ ಮನೆಗೇ ಪುಸ್ತಕ ಬರಬೇಕಾಗಿದೆ. ಇದು ಹೆಚ್ಚು ಕಠಿನ. ಯಾಕೆಂದರೆ ಇಲ್ಲಿ ಕಪಾಟಿಗೂ ಪೀಠಕ್ಕೂ ಪರಸ್ಪರ ಮರ್ಯಾದೆಯಿರಬೇಕು.

ಆದರೆ ಈ ವಿಷಯದಲ್ಲಿ ನಾವು ಪರದೇಶದ ಉದಾಹರಣೆಗಳಿಗಾಗಿ ಬಹಳ ಅಲೆಯಬೇಕಾಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಅದೇ ಮೋಗ್ಲಿಂಗರು 1848ರಿಂದ ಮುಂದಕ್ಕೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ನಮ್ಮ ಹಳೆಯ ಗ್ರಂಥಗಳನ್ನು ಮುದ್ರಿಸತೊಡಗಿದರು: ಜೈಮಿನಿ ಭಾರತ, ಬಸವಪುರಾಣ, ಕನಕದಾಸರ ಹರಿಭಕ್ತಿಸಾರ, ದಾಸರ ಪದಗಳು. ಮುಂದೆ 1894ರಲ್ಲಿ ಫೆರ್ಡಿನಾಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಸುಮಾರು 70,000 ಶಬ್ದಗಳ ಆ ಮಹಾಗ್ರಂಥದ ಮುಖಪುಟದಲ್ಲಿ ಪ್ರಕಾಶಕರ ಹೆಸರಿನ ಜಾಗದಲ್ಲಿರುವುದು ಯಾವ ವಿಶ್ವವಿದ್ಯಾನಿಲಯದ ಹೆಸರೂ ಅಲ್ಲ, ಯಾವ ಸರಕಾರದ ಹೆಸರೂ ಅಲ್ಲ; ಮಂಗಳೂರಿನ ಬಾಸೆಲ್ ಮಿಶನ್ನಿನ ಪುಸ್ತಕ ಮತ್ತು ಕರಪತ್ರಗಳ ಮಳಿಗೆಯ ಹೆಸರು. ಕನ್ನಡಿಗರ ಅತ್ಯಂತ ದೊಡ್ಡ ಋಣಗಳಲ್ಲೊಂದು ಹೀಗೆ ಒಂದು ಪುಸ್ತಕದಂಗಡಿಯ ಲೆಕ್ಕದಲ್ಲಿ ಬರೆದಿದೆ.

ಮಿಶನರಿಗಳ ಉದ್ದೇಶ ಧರ್ಮಪ್ರಸಾರವಾಗಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಅದೇ ಮುದ್ರಣಾಲಯದಿಂದ ನಮ್ಮ ದೇವರುಗಳನ್ನೂ ಆಚಾರಗಳನ್ನೂ ಖಂಡಿಸುವ ಕರಪತ್ರಗಳೂ ಹೊರಟುವು. ಅವು ನಮ್ಮವರನ್ನು ನೋಯಿಸಿದುವು. ಆದರೆ ಖಂಡಿಸಲೆಂದು ಓದತೊಡಗಿದವರು ಓದುತ್ತ ಓದುತ್ತ ಆ ಭಾಷೆಯ ಸೆರೆಯಾಳುಗಳಾದರು. ಕಿಟ್ಟೆಲರು ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದುದು ಯಾರನ್ನೂ ಮತಾಂತರಿಸುವುದಕ್ಕಲ್ಲ. ಪುಸ್ತಕವನ್ನು ಪ್ರಾಮಾಣಿಕವಾಗಿ ಓದುವವನು ತಾನು ಹೊರಟ ಊರಿಗೇ ತಲಪುತ್ತಾನೆಂಬ ಭರವಸೆಯಿಲ್ಲ.

ಈ ಇತಿಹಾಸ ನಮ್ಮ ಅಂಗಡಿಗೆ ಬಹು ಬೇಗ ಉಪಯೋಗಕ್ಕೆ ಬಂದಿತು. ನಾನು ಬರೆದುಕೊಟ್ಟ ಪಟ್ಟಿಯಲ್ಲಿ ಸತ್ಯವೇದ, ಸಂಗೀತಗಳ ಪುಸ್ತಕ, ಯೇಸುವಿನ ಕೊನೆಯ ದಿನವನ್ನು ಕುರಿತು ಮಂಜೇಶ್ವರದ ಗೋವಿಂದ ಪೈಗಳು ಬರೆದ 'ಗೊಲ್ಗೊಥಾ' ಇವುಗಳ ಜತೆಗೆ ಕಾರಂತರ ಕಾದಂಬರಿಗಳು, ಮಕ್ಕಳ ಪದ್ಯಗಳು, ವಚನಗಳ ಒಂದು ಸಂಗ್ರಹ, ದಾಸರ ಪದಗಳ ಒಂದು ಸಂಗ್ರಹ ಇವೂ ಇದ್ದುವು. ಕಡೆಯ ಎರಡರ ಬಗ್ಗೆ ಸಮಿತಿಯಲ್ಲಿ ಗುಸುಗುಸು ಹುಟ್ಟಿತು. "ಹರಿಯ ಹಾಡನ್ನು ಇಲ್ಲಿ ಮಾರುವುದೆ?" ಎಂದು ಒಬ್ಬ ತರುಣರು ಕೇಳಿದರು. ಉತ್ತರ ಕೊಟ್ಟವರು, ಅಂಗಡಿಯನ್ನೇ ವಿರೋಧಿಸಿದ್ದ ಆ ಹಿರಿಯ ಉಪಾಧ್ಯಾಯರು. "ದಾಸರ ಪದಗಳನ್ನು ಮೊದಲು ಅಚ್ಚು ಮಾಡಿಸಿದವರು ನಮ್ಮ ಮೋಗ್ಲಿಂಗ್ ಅಯ್ಯನವರಪ್ಪ. ಅಂಗಡಿ ಬೇಡವೆನ್ನುವುದು ನನ್ನ ಮಾತು. ಇಡುವುದಾದರೆ ಅರ್ಧ ಅಂಗಡಿ ಇಡಬೇಡಿ" ಎಂದರು. ಆಮೇಲೆ ಆ ಎರಡು ಪುಸ್ತಕಗಳ ವಿಚಾರವನ್ನು ಯಾರೂ ಎತ್ತಲಿಲ್ಲ.

ಇತ್ತ ನಮ್ಮ ಕಡೆಯಲ್ಲಿಯೂ ಗುಸುಗುಸು ಇರಲಿಲ್ಲವೆನ್ನಲಾರೆ. "ನಿಮಗೇಕೆ ಅಲ್ಲಿಯ ಉಸಾಬರಿ?" ಎಂದು ಕೇಳಿದ ಗೆಳೆಯರುಂಟು. ಕ್ರಿಸ್ತನ ಅಂತ್ಯವನ್ನು 'ಗೊಲ್ಗೊಥಾ'ದಲ್ಲಿಯೂ ಬುದ್ಧನ ಅಂತ್ಯವನ್ನು 'ವೈಶಾಖಿ'ಯಲ್ಲಿಯೂ ಹಾಡಿದ ಗೋವಿಂದ ಪೈಗಳನ್ನು ಯಾರೂ ಹೀಗೆ ಕೇಳಿದಂತಿಲ್ಲ. ಕೇಳಿದ್ದರೆ ಅವರು ಏನೆನ್ನುತ್ತಿದ್ದರೋ! ನಾನಂತೂ ಕಪಾಟಿನ ಪಟ್ಟಿಯನ್ನು ಅವರ ಕೈಗೆ ಕೊಟ್ಟು ಸುಮ್ಮನಾದೆ. ಪಟ್ಟಿ ನೋಡಿದವರಲ್ಲಿ ಇಬ್ಬರು ಮರುವಾರ ಅಂಗಡಿಗೆ ಬಂದರು.

ಇನ್ನು ವ್ಯವಹಾರದ ಮಾತು. ಇಂಥ ಅಂಗಡಿಯನ್ನು ತೆರೆಯಬಯಸುವ ಇತರರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಆರಾಧನೆಯ ವೇಳೆಯಲ್ಲಿ ಬಾಗಿಲು ಹಾಕಿರಬೇಕೆಂಬುದು ನಮ್ಮ ಮೊದಲನೆಯ ನಿಯಮ. ಉಪದೇಶದ ನಡುವೆ ಚಿಲ್ಲರೆಯ ಸದ್ದು ಕೇಳಬಾರದು. ಕಪಾಟುಗಳು ಇರುವುದು ಮುಖಮಂಟಪದಲ್ಲಿಯೇ ಹೊರತು ಜನರು ಕೂಡುವ ಒಳಾಂಗಣದಲ್ಲಲ್ಲ. ರಸ್ತೆಯಿಂದ ಬಂದವನು ಪ್ರಾರ್ಥಿಸದೆಯೂ ಪುಸ್ತಕ ನೋಡಿ ಹೋಗಲು ಇದರಿಂದ ಸಂಕೋಚವಿಲ್ಲ. ಕರಾವಳಿಯ ಮಳೆಗಾಲದಲ್ಲಿ ಪುಸ್ತಕದ ಶತ್ರುಗಳು ತೇವವೂ ಗೆದ್ದಲೂ. ಕಪಾಟು ಗೋಡೆಯಿಂದ ಒಂದು ಗೇಣು ದೂರ ನಿಂತಿರಬೇಕು, ಕೆಳಗಿನ ಹಲಗೆ ನೆಲದಿಂದ ಮೊಣಕಾಲೆತ್ತರದಲ್ಲಿರಬೇಕು, ಮಳೆ ಬಿಟ್ಟ ದಿನ ಪುಸ್ತಕಗಳನ್ನು ಗಾಳಿಗೆ ಹರವಬೇಕು.

ಬಂಡವಾಳದ ವಿಷಯದಲ್ಲಿ ನಾವು ಸಾಲ ಮಾಡಲಿಲ್ಲ. ಪ್ರಕಾಶಕರು ಅಂಗಡಿಯವರಿಗೆ ಸಾಮಾನ್ಯವಾಗಿ ನೂರಕ್ಕೆ 25ರಿಂದ 40ರವರೆಗೆ ಸೋಡಿ ಬಿಡುತ್ತಾರೆ. ಕೆಲವರು ಮಾರಾಟವಾದ ಮೇಲೆ ಹಣ ಕೊಟ್ಟು ಉಳಿದುದನ್ನು ಹಿಂದಿರುಗಿಸುವ ಕರಾರಿಗೂ ಒಪ್ಪುತ್ತಾರೆ. ಸಣ್ಣ ಅಂಗಡಿ ಬದುಕುವುದು ಈ ಎರಡನೆಯವರ ಸೌಜನ್ಯದಿಂದ. ಮುದ್ರಿತ ಪುಸ್ತಕಗಳ ಮೇಲೆ ಸರಕು ಮತ್ತು ಸೇವಾ ತೆರಿಗೆಯಿಲ್ಲದಿರುವುದರಿಂದ ಲೆಕ್ಕ ಸುಲಭ. ಕನ್ನಡ ಪುಸ್ತಕ ಪ್ರಾಧಿಕಾರದ ಸುಲಭ ಬೆಲೆಯ ಪ್ರಕಟಣೆಗಳು ವಿದ್ಯಾರ್ಥಿಗಳಿಗೆ ಬಹಳ ಅನುಕೂಲ. ಬಂದ ಲಾಭವೆಲ್ಲ ಮತ್ತೆ ಪುಸ್ತಕಕ್ಕೇ ಹೋಗಬೇಕು, ತಿಂಗಳ ಲೆಕ್ಕವನ್ನು ಸಭೆಯ ಫಲಕದಲ್ಲಿ ಹಚ್ಚಬೇಕು. ಇವೆರಡು ಹಿರಿಯರ ಆಕ್ಷೇಪದಿಂದಲೇ ಹುಟ್ಟಿದ ನಿಯಮಗಳು. ವಿರೋಧಿಸುವ ಸಜ್ಜನನೊಬ್ಬ ಪ್ರತಿಯೊಂದು ಸಂಸ್ಥೆಗೂ ಬೇಕು.

ಒಂದು ವರ್ಷದಲ್ಲಿ ಏನಾಯಿತು? ಸತ್ಯವೇದವೂ ಸಂಗೀತಗಳ ಪುಸ್ತಕವೂ ನಿರೀಕ್ಷಿಸಿದಷ್ಟೇ ಹೋದುವು. ನಿರೀಕ್ಷಿಸದೆ ಹೋದುವು ಮಕ್ಕಳ ಪುಸ್ತಕಗಳು. ಅದರ ಕಾರಣ ಹುಡುಕಿದಾಗ ಒಂದು ಕಹಿಸತ್ಯ ಎದುರಾಯಿತು. ಭಾನುವಾರದ ಶಾಲೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರು. ಕನ್ನಡ ಸಂಗೀತಗಳನ್ನು ಅವರು ಇಂಪಾಗಿ ಹಾಡುತ್ತಾರೆ. ಆದರೆ ಅಜ್ಜನ ಕೈಯಲ್ಲಿ ಕನ್ನಡದ ಪುಸ್ತಕವಿದ್ದರೆ ಮೊಮ್ಮಗಳ ಕೈಯಲ್ಲಿ ಮೊಬೈಲ್ ಫೋನು. ಅದರಲ್ಲಿ ಅದೇ ಹಾಡು ರೋಮನ್ ಲಿಪಿಯಲ್ಲಿ! ಹಾಡು ಒಂದೇ, ಬೆಂಚು ಒಂದೇ. ನಡುವೆ ಒಂದು ಲಿಪಿಯೇ ಕಳಚಿ ಬಿದ್ದಿದೆ. ಇದು ಆ ಸಭೆಯೊಂದರ ರೋಗವಲ್ಲ. ವಿಷ್ಣುಸಹಸ್ರನಾಮವನ್ನೂ ಹೀಗೆಯೇ ಓದುವ ಮಕ್ಕಳು ನನ್ನ ನೆರೆಮನೆಯಲ್ಲಿದ್ದಾರೆ. ಆದರೆ ಕನ್ನಡಕ್ಕೆ ಪತ್ರಿಕೆಯನ್ನೂ ನಿಘಂಟನ್ನೂ ಕೊಟ್ಟ ಪರಂಪರೆಯ ಮನೆಯಲ್ಲಿ ಇದನ್ನು ಕಂಡಾಗ ಕಳವಳ ಹೆಚ್ಚು.

ಸಭೆಯ ಮಹಿಳೆಯೊಬ್ಬರು, ಅಂಗಡಿಯನ್ನು ವಾರಕ್ಕೆ ಮೂರು ಸಂಜೆ ನೋಡಿಕೊಳ್ಳುವವರು, ಇದಕ್ಕೊಂದು ಉಪಾಯ ಮಾಡಿದರು. ಭಾನುವಾರ ಆರಾಧನೆ ಮುಗಿದ ಬಳಿಕ ಅರ್ಧ ಗಂಟೆ, ಕಪಾಟಿನ ಎದುರಿನ ಮೆಟ್ಟಿಲಿನಲ್ಲಿ ಮಕ್ಕಳನ್ನು ಕೂರಿಸಿ, ಒಬ್ಬೊಬ್ಬರಿಂದ ಒಂದೊಂದು ಪುಟ ಓದಿಸತೊಡಗಿದರು. ಪುಟ ತಪ್ಪಿಲ್ಲದೆ ಓದಿದವರಿಗೆ ಪುಸ್ತಕ ಅರ್ಧ ಬೆಲೆಗೆ. ಮೊದಲು ಸಭೆಯ ಮಕ್ಕಳೇ ಇದ್ದರು. ಆಮೇಲೆ ಎದುರಿನ ಬೀದಿಯ ಬ್ಯಾರಿ ಮನೆಗಳ ಮಕ್ಕಳು ಬಂದರು, ಹಿಂದಿನ ಗಲ್ಲಿಯ ಬಿಲ್ಲವರ ಮಕ್ಕಳು ಬಂದರು. ಮನೆಯಲ್ಲಿ ಒಬ್ಬರದು ತುಳು, ಒಬ್ಬರದು ಬ್ಯಾರಿ ಭಾಷೆ, ಒಬ್ಬರದು ಕೊಂಕಣಿ. ಮೆಟ್ಟಿಲಿನ ಮೇಲೆ ಎಲ್ಲರದೂ ಕನ್ನಡ. ಹೊರಗಿನವರಿಗೆ ಜಾಗವಾಯಿತೆ ಎಂಬ ಸಭಾಪಾಲಕರ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಆದರೂ ಅಂಗಡಿ ಸ್ಥಿರವಾಗಿದೆಯೆಂದು ಯಾರೂ ತಿಳಿಯಬಾರದು. ಪುಸ್ತಕವನ್ನು ಇಲ್ಲಿ ಕಣ್ಣಿನಿಂದ ನೋಡಿ, ಮನೆಗೆ ಹೋಗಿ ಅಂತರ್ಜಾಲದ ಮಳಿಗೆಯಲ್ಲಿ ಹತ್ತು ರೂಪಾಯಿ ಕಡಿಮೆಗೆ ತರಿಸಿಕೊಳ್ಳುವ ಜಾಣರು ಇದ್ದಾರೆ. ಆ ಮಹಿಳೆಯ ಮಗನಿಗೆ ಬೇರೆ ಊರಿಗೆ ವರ್ಗವಾಗಿದೆ. ಮುಂದಿನ ವರ್ಷ ಅವರು ಇಲ್ಲಿರುವುದಿಲ್ಲ. ಅಂಗಡಿಯನ್ನು ಮುಂದುವರಿಸಬೇಕೇ, ಆ ಜಾಗವನ್ನು ಸಭೆಯ ಬೇರೆ ಕೆಲಸಕ್ಕೆ ಬಿಡಬೇಕೇ ಎಂಬುದು ಬರುವ ಏಪ್ರಿಲಿನ ಸಮಿತಿಯಲ್ಲಿ ತೀರ್ಮಾನವಾಗಲಿದೆ. ಬಾಗಿಲು ತೆರೆದು ಕೂಡುವ ಮನುಷ್ಯನೊಬ್ಬನಿಲ್ಲದಿದ್ದರೆ ಸೋಡಿಯೂ ಇಲ್ಲ, ಓದುವ ಮೆಟ್ಟಿಲೂ ಇಲ್ಲ. ಇರುವುದು ಬೀಗ ಹಾಕಿದ ಎರಡು ಕಪಾಟುಗಳು ಮಾತ್ರ.

ಆದಕಾರಣ ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿಯೂ ಉಪಾಧ್ಯಾಯ ಬಂಧುಗಳಲ್ಲಿಯೂ ಒಂದು ಮಾತು. ನಮ್ಮ ಸಣ್ಣ ಪಟ್ಟಣಗಳಲ್ಲಿ ಪುಸ್ತಕದಂಗಡಿಯೆಂದರೆ ಪಠ್ಯಪುಸ್ತಕ, ನೋಟುಬುಕ್ಕು, ಪೆನ್ನುಗಳ ಅಂಗಡಿ. ಕಾವ್ಯವನ್ನೋ ಕಾದಂಬರಿಯನ್ನೋ ಕೈಯಲ್ಲಿ ಹಿಡಿದು ನೋಡಬೇಕಾದರೆ ಬಸ್ಸು ಹತ್ತಬೇಕು. ಆದರೆ ಅದೇ ಪಟ್ಟಣಗಳಲ್ಲಿ ವಾರಕ್ಕೊಮ್ಮೆಯಾದರೂ ಜನ ತಪ್ಪದೆ ಕೂಡುವ, ಮಳೆ ತಾಗದ, ಬಾಡಿಗೆ ಬೇಡದ ಮಾಡುಗಳು ಬೇಕಾದಷ್ಟಿವೆ: ದೇವಾಲಯ, ಮಠ, ಬಸದಿ, ಮಸೀದಿ. ಅವುಗಳ ಜಗಲಿಯ ಒಂದು ಮೂಲೆಯನ್ನು ಎರಡು ಕಪಾಟುಗಳಿಗೆ ಬಿಟ್ಟುಕೊಡುವುದು ಅವುಗಳ ಹಿರಿಯರಿಗೆ ಬಿಟ್ಟ ವಿಷಯ. ಕಪಾಟಿನ ಎದುರು ವಾರಕ್ಕೆ ಒಂದು ಸಂಜೆ ಕುಳಿತುಕೊಳ್ಳುವುದು ನಮಗೆ ಬಿಟ್ಟ ವಿಷಯ. ಮುಂದಿನ ವರ್ಷಕ್ಕೆ ಗುರುವಾರದ ಸಂಜೆ ನನ್ನದೆಂದು ಸಭಾಪಾಲಕರಿಗೆ ಹೇಳಿದ್ದೇನೆ. ಇನ್ನೆರಡು ಸಂಜೆಗಳು ಖಾಲಿಯಿವೆ.